ಕತ್ತಲೆ ಕೋಣೆಯ ಬಾಣಂತಿ

ಬಾಣಂತಿ ಪ್ರಣಾಲಿಗೆ ಎದ್ದು ಕೂರುವಷ್ಟೂ ಶಕ್ತಿ ಉಳಿದಿರಲಿಲ್ಲ. "ಯಾವ ಪುಡಿ, ಟಾನಿಕ್ ಬ್ಯಾಡ್ರಿ. ಹೊತ್ತಿಗೆ ಊಟ, ಸಾಕಷ್ಟು ನೀರು, ನಾ ಬರದುಕೊಟ್ಟ ಗುಳಿಗಿ. ಮುಖ್ಯ ಅಂದ್ರ, ಕೂಸು ಮಲಗಿದಾಗ ಆಕಿನೂ ಮಲಗಬೇಕು," ಎಂದು ಗಡಹಿಂಗ್ಲಜದ ಡಾಕ್ಟರಬಾಯಿ ಪ್ರಣಾಲಿಯ ಗಂಡ ಆಶಿಷನಿಗೆ ಹೇಳಿದ್ದರು.

ಅಡ್ಡಿ ಇದ್ದದ್ದು ಓಣಿಯ ಹೆಂಗಸರದು. ಅಂಟಿನುಂಡಿ ತಂದವರು ಬಾಣಂತಿ ತಿನ್ನುವುದನ್ನು ಕಣ್ಣಾರೆ ನೋಡದೆ ಏಳುತ್ತಿರಲಿಲ್ಲ. ನಿನ್ನೆ "ಮಲಗ್ಯಾಳ" ಎಂದರೆ, "ತಿಂದ ಮಲಗಲಿ" ಎಂದು ಎಬ್ಬಿಸಿಯೇ ಬಿಟ್ಟಿದ್ದರು. ಇಂದು ಆಶಿಷನ ತಾಯಿಯೂ ಮದುವೆಗೆಂದು ಇಚಲಕರಂಜಿಗೆ ಹೋಗಿದ್ದಳು. ಆಶಿಷ ರಜೆ ಹಾಕಿ, ಹೆಂಡತಿಯನ್ನೂ ಕೂಸನ್ನೂ ಮಾಳಿಗೆಯ ಮೇಲೆ ಮಲಗಿಸಿ ಕೆಳಗಿಳಿದನೋ ಇಲ್ಲವೋ, ಅಂಗಳದಲ್ಲಿ ಡಬ್ಬಿಗಳ ಸದ್ದು.

"ಪ್ರಣಾಲಿ, ಅದೀಯೇನವಾ?" ಪಕ್ಕದ ಮನೆಯ ಶಾಲನಕಾಕು. ಹಿಂದೆ ಎದುರುಮನೆಯ ಬಾಳಕ್ಕ.

ಆಶಿಷ ಬಾಣಂತಿಯ ಕೋಣೆಗೆ ನುಗ್ಗಿ, ಹೆಂಡತಿಯ ಸ್ಕಾರ್ಫನ್ನು ಕಿವಿ ಮುಚ್ಚಿ ಕಟ್ಟಿಕೊಂಡು, ಕೌದಿ ಹೊದ್ದು ಗೋಡೆಗೆ ಮುಖ ಮಾಡಿ ಕೂತ. ಗಾಳಿ, ದೃಷ್ಟಿ ತಾಗಬಾರದೆಂದು ಆ ಕೋಣೆಗೆ ಬೆಳಕೇ ಇಲ್ಲ. ಬಂದವರು ಹೊಸ್ತಿಲು ದಾಟುವುದೂ ಇಲ್ಲ.

ಕಾಕು ಹೊಸ್ತಿಲಲ್ಲೇ ಕೂತು ಡಬ್ಬಿ ಒಳಗೆ ತಳ್ಳಿದರು. "ತಿನ್ನವಾ. ಮಾತಾಡಬ್ಯಾಡ, ಗಾಳಿ ಹೋಗತೈತಿ."

ಕ್ರಿಕೆಟ್ ಚೆಂಡಿನಂಥ ನಾಲ್ಕು ಉಂಡಿ. ಮೇಲೆ ಬಾಳಕ್ಕನ ಒಂದು ತಂಬಿಗೆ ಅಳ್ವಿ ಬೀಜದ ಖೀರು. ಕೌದಿಯಿಂದ ಕೈ ಮಾತ್ರ ಹೊರಬಂದು ಒಳಹೋಗುತ್ತಿತ್ತು.

"ಕೈ ಎಷ್ಟ ಒರಟ ಆಗ್ಯಾವ ನೋಡ್ರಿ, ಪಾಪ," ಎಂದಳು ಬಾಳಕ್ಕ.

"ಭಾಂಡಿ ತಿಕ್ಕಸ್ತಾನಲ್ಲ ಆ ಉಡಾಳ ಗಂಡ," ಎಂದರು ಕಾಕು. " ಈಗರೆ ಎಲ್ಲಿ ಅದಾನ? ಯಾವುದೋ ಕಟ್ಟಿ ಮ್ಯಾಲ ಮೊಬೈಲ್ ಹಿಡಕೊಂಡ ಕುಂತಿರ್ತಾನ. ಹೌದಿಲ್ಲೋ?"

ಇಲ್ಲವೆಂದರೆ ಮಾತು ಬೆಳೆಯುತ್ತದೆ. ಆಶಿಷ ಹೌದೆಂದು ತಲೆಯಾಡಿಸಿದ.

"ಒಂದ ದಿನಾನೂ ಕೂಸಿನ ಅರಬಿ ಒಗದಿಲ್ಲ?"

ಬೆಳಿಗ್ಗೆಯಷ್ಟೇ ಕೂಸಿನ ಹದಿನೇಳು ಬಟ್ಟೆ ಒಗೆದಿದ್ದ. ಮತ್ತೆ ತಲೆಯಾಡಿಸಿದ. ಅಷ್ಟರಲ್ಲಿ ಬಿಕ್ಕಳಿಕೆ ಬಂದು ಭುಜ ಕುಣಿಯತೊಡಗಿತು.

"ಅಳಬ್ಯಾಡವಾ," ಎಂದರು ಕಾಕು, "ನಾವ ಅದೇವಿ."

ಸಂಜೆ ಡಬ್ಬಿ ಒಯ್ಯಲು ಅವರು ಬಂದಾಗ ಪ್ರಣಾಲಿ ಕೆಳಗಿಳಿದಿದ್ದಳು. ಎರಡು ತಾಸಿನ ನಿದ್ದೆಗೆ ಮುಖ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತಿತ್ತು. ಆಶಿಷ ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಆತು ನಿಂತಿದ್ದ.

"ಉಂಡಿ ಆಕಿ ಮೈಗೆ ಹೆಂಗ ಹತ್ತ್ಯಾವ ನೋಡ," ಎಂದರು ಕಾಕು. "ಪ್ರಣಾಲಿ, ನಾಳಿಂದ ಊಟ ಆದ ಕೂಡ್ಲೆ ನಾವ ಪಾಳಿ ಮ್ಯಾಲ ಬರ್ತೇವಿ. ಸಂಜಿತನಕಾ ನಿನ್ನ ಹೊಸ್ತಲದಾಗ ಕುಂತ ಮಾತಾಡ್ತೇವಿ. ನಿನ್ನ ಗಂಡನ್ನ ನಂಬಿ ಬಿಡಾಂಗಿಲ್ಲ. ನಿಮ್ಮ ಅತ್ತಿಗೂ ಫೋನ್ ಮಾಡಿ ಹೇಳೇನಿ."

"ಕಾಕು, ಆಕಿ ನಿದ್ದಿ..." ಎಂದು ಆಶಿಷ ಬಾಯಿ ತೆರೆದ. ಹೊಟ್ಟೆಯಲ್ಲಿ ನಾಲ್ಕೂ ಉಂಡಿಗಳು ಒಟ್ಟಿಗೆ ಮಗ್ಗುಲು ಬದಲಿಸಿದವು. ಮಾತು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದ.

"ನೋಡಿದ್ಯೇನ," ಎಂದರು ಕಾಕು ಬಾಳಕ್ಕನಿಗೆ, "ಜವಾಬ್ದಾರಿ ಮಾತ ಬಂತು, ಹೊಂಟ."