ಕೊನೆಯ ಐದು ಬಿಟ್‌ಗಳು

ಬೆಳಿಗ್ಗೆ ಟಿಕೆಟ್ ಬುಕಿಂಗ್ ಕಚೇರಿಯ ದೊಡ್ಡ ಕಂಪ್ಯೂಟರನ್ನು ಯಾರೋ ಆಫ್ ಮಾಡಿಬಿಟ್ಟರು. ಅದು ಮತ್ತೆ ಕಣ್ಣು ಬಿಡುವಷ್ಟರಲ್ಲಿ ಸಾಲಿನಲ್ಲಿ ನಿಂತವರ ಬಾಯಲ್ಲಿ ಕಚೇರಿಯವರ ಏಳು ತಲೆಮಾರೂ ಬಂದುಹೋಗಿತ್ತು. ಕಂಪ್ಯೂಟರ್ ನೋಡಿಕೊಳ್ಳುವವನನ್ನು ಎಲ್ಲರೂ ಮಷೀನಪ್ಪ ಎಂದೇ ಕರೆಯುತ್ತಿದ್ದರು. ಸಹಜವಾಗಿ ಎಲ್ಲರ ಬೆರಳೂ ಅವನ ಕಡೆಗೇ ತಿರುಗಿತು.

“ಸಂಜೆಯೊಳಗೆ ಯಾರು ಅಂತ ಹೆಡ್ ಆಫೀಸಿಗೆ ತಿಳಿಸ್ಬೇಕು. ಮಾಡಿದೋರಿಗೆ ದೂರದ ಊರಿಗೆ ವರ್ಗ,” ಎಂದರು ಮ್ಯಾನೇಜರ್.

ಮಷೀನಪ್ಪ ನೇರ ಕಂಪ್ಯೂಟರಿನ ಬಳಿ ಹೋದ. ಮನೆಯಲ್ಲಿ ಹೆಂಡತಿಗೆ ದಿನ ತುಂಬಿತ್ತು.

ನಡೆದದ್ದನ್ನೆಲ್ಲ ಕಂಪ್ಯೂಟರ್ ತಾನೇ ಬರೆದಿಡುತ್ತದೆ. ಆ ದಾಖಲೆ ತೆರೆದರೆ ಅಲ್ಲಿದ್ದದ್ದು ಇಪ್ಪತ್ತಂಕಿಯ ಒಂದೇ ಸಂಖ್ಯೆ. ಅದನ್ನು ಸೊನ್ನೆ, ಒಂದುಗಳ ಬಿಟ್‌ಗಳಾಗಿ ಬಿಡಿಸುತ್ತ ಹೋದವನು ಬೆರಗಾಗಿ ಕೂತುಬಿಟ್ಟ. ಮೊದಲಿನ ಬಿಟ್‌ಗಳಲ್ಲಿ ಸಮಯ, ಆಮೇಲಿನವುಗಳಲ್ಲಿ ಒತ್ತಿದ ಗುಂಡಿ, ಕಟ್ಟಕಡೆಯ ಐದರಲ್ಲಿ ಆಜ್ಞೆ ಬಂದ ಕೋಣೆ. ರಜೆಗೆ ಬಂದ ಮೊಮ್ಮಕ್ಕಳೆಲ್ಲ ಒಂದೇ ಹಾಸಿಗೆಯಲ್ಲಿ ಮಲಗಿದ ಹಾಗೆ ಒತ್ತೊತ್ತಾಗಿದ್ದವು, ಆದರೆ ಒಬ್ಬರ ಕಾಲು ಇನ್ನೊಬ್ಬರಿಗೆ ತಾಗಿರಲಿಲ್ಲ. ಇಂಥ ಅಚ್ಚುಕಟ್ಟಿಗೆ ಕೈ ಮುಗಿಯಬೇಕೆನಿಸಿತು ಅವನಿಗೆ.

ಕೊನೆಯ ಐದನ್ನು ಬಿಡಿಸಿದ. ಹತ್ತೊಂಬತ್ತು ಬಂತು. ಅದು ಮ್ಯಾನೇಜರರ ಕೋಣೆ.

ಹಿಂದೆಯೇ ನಿಂತು ಇಣುಕುತ್ತಿದ್ದ ಟೈಪಿಸ್ಟ್ ಅಕ್ಕ ಪಿಸುಗುಟ್ಟಿದಳು. “ಸಾಹೇಬ್ರೇನಾ? ನೀನು ಬಾಯಿ ಬಿಡ್ಬೇಡಪ್ಪ. ನಂಬರ್ ಹಾಗೇ ಕಳ್ಸು, ಹೆಡ್ ಆಫೀಸಿನೋರೇ ಬಿಡಿಸ್ಕೊಳ್ಳಲಿ.”

“ಅದೇ ಸರಿ ಅಕ್ಕ. ನಂಬರಂತೂ ಸುಳ್ಳು ಹೇಳಲ್ಲ.”

“ಆದ್ರೆ ಹೀಗೆ ಬೋಳುಬೋಳಾಗಿ ಕಳಿಸ್ತಾರಾ ಯಾರಾದ್ರೂ? ಸರಿ ಆ ಕಡೆ.”

ಅಕ್ಕ ಸಂಖ್ಯೆಯನ್ನು ಸ್ಪ್ರೆಡ್‌ಶೀಟಿಗೆ ಹಾಕಿ, ಸುತ್ತ ಗೆರೆ ಎಳೆದು, ತಲೆಬರಹಕ್ಕೆ ಹಳದಿ ಬಳಿದು ಕಳಿಸಿಯೇಬಿಟ್ಟಳು. ಅಷ್ಟರಲ್ಲಿ ಮ್ಯಾನೇಜರ್ ಬಂದು, “ಕಳಿಸಾಯ್ತಲ್ಲ, ಬೆಳಗಿನ ದಾಖಲೆ ಅಳಿಸಿಬಿಡಿ, ಜಾಗ ಇಲ್ಲ,” ಎಂದರು. ಮಷೀನಪ್ಪ ನಿಶ್ಚಿಂತೆಯಿಂದ ಅಳಿಸಿದ. ಸತ್ಯ ಆಗಲೇ ಹೆಡ್ ಆಫೀಸ್ ಸೇರಿತ್ತಲ್ಲ.

ಸಂಜೆ ಹೆಡ್ ಆಫೀಸಿನಿಂದ ಫೋನ್ ಬಂತು. “ನಿಮ್ಮ ಸಂಖ್ಯೆ ಬಿಡಿಸಿದ್ವಿ. ಕೊನೇ ಐದು ಬಿಟ್‌ನಲ್ಲಿ ಬರೀ ಸೊನ್ನೆ. ಸೊನ್ನೇ ನಂಬರಿನ ಕೋಣೆ ಯಾರದ್ರೀ?”

“ಮಷೀನ್ ರೂಮು ಸಾರ್. ನಂದೇ,” ಎಂದ ಮಷೀನಪ್ಪ.

ಓಡಿಹೋಗಿ ಅಕ್ಕನ ಫೈಲ್ ತೆರೆದ. ಅಷ್ಟುದ್ದದ ಸಂಖ್ಯೆಯನ್ನು ಸ್ಪ್ರೆಡ್‌ಶೀಟಿಗೆ ಪೂರ್ತಿ ಹಿಡಿಯಲಾಗದೆ ಕೊನೆಯ ಐದು ಅಂಕಿ ಸೊನ್ನೆಯಾಗಿದ್ದವು. ಹತ್ತರಿಂದ ಐದು ಸಲ ಭಾಗವಾಗುವ ಸಂಖ್ಯೆ ಎರಡರಿಂದಲೂ ಐದು ಸಲ ಭಾಗವಾಗುತ್ತದೆ, ಹಾಗಾಗಿ ಕೊನೆಯ ಐದು ಬಿಟ್ ಕೂಡ ಸೊನ್ನೆಯಾಗಲೇಬೇಕು. ಕಾಗದದ ಮೇಲೆ ಗುಣಿಸಿ ಭಾಗಿಸಿ ನೋಡಿದ. ಯಾವ ಕೋಣೆಯವರು ಆಫ್ ಮಾಡಿದ್ದರೂ ಹೀಗೆ ಕಳಿಸಿದರೆ ಸಿಕ್ಕಿಬೀಳುವವನು ತಾನೇ. ವರ್ಗ ಖಚಿತವಾಗಿದ್ದರೂ ಆ ಲೆಕ್ಕದ ಕರಾರುವಾಕ್ಕಿಗೆ ಮತ್ತೆ ಬೆರಗಾದ.

“ಅಕ್ಕ, ಎಂಥಾ ಲೆಕ್ಕ ನೋಡು ಇಲ್ಲಿ,” ಎಂದ.

“ಆಮೇಲೆ ನೋಡ್ತೀನಪ್ಪ,” ಎಂದಳು ಅಕ್ಕ, ಕೀಲಿಮಣೆಯಿಂದ ತಲೆ ಎತ್ತದೆ. “ನಿನ್ನ ವರ್ಗದ ಆರ್ಡರ್ ಟೈಪ್ ಮಾಡ್ತಿದೀನಿ. ಊರಿನ ಹೆಸರಿಗೂ ಹಳದಿ ಬಳೀಲಾ?”