ಅವ್ವನ ಅರ್ಧ ಬೀಸುಕಲ್ಲು

ನಮ್ಮ ಅವ್ವ ಅಮೆರಿಕದ ಕಾಯಂ ನಿವಾಸಿ ಎಂದರೆ ಬೈಲಹೊಂಗಲದಲ್ಲಿ ಯಾರೂ ನಂಬುತ್ತಿರಲಿಲ್ಲ. ಅದು ಹೋಗಲಿ, ಮುಂದೊಂದು ದಿನ ಅಮೆರಿಕದವರೂ ನಂಬದೆ ಹೋದರು! ಕಡೆಯವರೆಗೂ ಅವಳ ಪರವಾಗಿ ನಿಂತದ್ದು ಒಂದು ಕಲ್ಲು ಮಾತ್ರ.

ಅಲ್ಲಿ ನರ್ಸ್ ಆಗಿದ್ದ ನನ್ನ ಅಕ್ಕ ತೊಂಬತ್ತರ ದಶಕದಲ್ಲಿ ಅಪ್ಪ, ಅವ್ವ ಇಬ್ಬರಿಗೂ ಕಾಯಂ ವಾಸದ ಹಸಿರು ಕಾರ್ಡು ಮಾಡಿಸಿ ಕರೆಸಿಕೊಂಡಳು. ಮಂದಿ ಉಪ್ಪಿನಕಾಯಿ ಒಯ್ಯುತ್ತಾರೆ, ಹೆಚ್ಚೆಂದರೆ ಹಪ್ಪಳ. ಅವ್ವ ಒಯ್ದದ್ದು ಚಚಡಿಯ ತವರಿನಿಂದ ಬಂದ ಬೀಸುಕಲ್ಲನ್ನು. ಗಿರಣಿಯ ಹಿಟ್ಟು ಸುಟ್ಟಿರುತ್ತದೆ, ಅದರ ರೊಟ್ಟಿಗೆ ರುಚಿಯಿಲ್ಲ ಎಂಬುದು ಅವಳ ಜನ್ಮದ ಹಟ. ಸೀರೆಗಳ ನಡುವೆ ಕೆಳಗಿನ ಕಲ್ಲು, ಅಪ್ಪನ ಧೋತರದಲ್ಲಿ ಮೇಲಿನ ಕಲ್ಲು. ಮುಂಬೈ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಇದೇನೆಂದು ಗಾಬರಿಯಿಂದ ಕೇಳಿದ. ಅವ್ವ ಅವನನ್ನು ಕನಿಕರದಿಂದ ನೋಡಿದಳಂತೆ. "ಯಾಕಪಾ, ನಿಮ್ಮ ಮನ್ಯಾಗ ಹಿಟ್ಟ ಬೀಸೂದಿಲ್ಲೇನು?"

ಅಮೆರಿಕದಲ್ಲೂ ಬೆಳಗಾಗುತ್ತಲೇ ಜೋಳ ಬೀಸುವುದು ಶುರುವಾಯಿತು. ಕೆಳಗಿನ ಮನೆಯ ಮುದುಕಿ ತಕರಾರು ತಂದಳು. ಅವ್ವ ವಾದಕ್ಕೆ ಹೋಗಲಿಲ್ಲ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಟ್ಟು ಕಳಿಸಿದಳು. ಮುಂದಿನ ವಾರ ಆ ಮುದುಕಿ ಮತ್ತೆ ಬಾಗಿಲು ತಟ್ಟಿದಳಂತೆ, ಇವತ್ತೇಕೆ ಸಪ್ಪಳ ಕೇಳಲಿಲ್ಲ ಎಂದು!

ಕೆಲವು ವರ್ಷ ಅಲ್ಲಿದ್ದು, ನನ್ನ ಮದುವೆಗೆಂದು ಇಬ್ಬರೂ ಊರಿಗೆ ಬಂದರು. ಆಗ ಅವ್ವ ಮಾಡಿದ ಕೆಲಸವನ್ನು ಬೇರೆ ಯಾರಾದರೂ ಮಾಡುತ್ತಿದ್ದರೇ? ಕೆಳಗಿನ ಕಲ್ಲನ್ನು ಅಕ್ಕನ ಅಡುಗೆಮನೆಯಲ್ಲೇ ಬಿಟ್ಟು, ಮೇಲಿನದನ್ನು ಮಾತ್ರ ಹೊತ್ತುಕೊಂಡು ಬಂದಳು. ಏಕೆಂದು ಕೇಳಿದ್ದಕ್ಕೆ ಅವಳ ಬಳಿ ಉತ್ತರ ಸಿದ್ಧವಿತ್ತು. "ಎರಡೂ ಬಿಟ್ರ ನಿಮ್ಮಕ್ಕ ಯಾರಿಗರೆ ಕೊಟ್ಟಬಿಡತಾಳ. ಒಂದ ಕಲ್ಲ ಇಸಗೊಂಡು ಯಾರ ಏನ ಮಾಡತಾರ? ನಾ ಹೊಳ್ಳಿ ಹೋಗೂತನಾ ಅಲ್ಲೇ ಬಿದ್ದಿರತೈತಿ."

ಹೊಳ್ಳಿ ಹೋಗುವುದೆಲ್ಲಿ ಬಂತು? ಮದುವೆಯ ಚಪ್ಪರ ಬಿಚ್ಚುವ ಮೊದಲೇ ಅಪ್ಪನಿಗೆ ಲಕ್ವಾ ಹೊಡೆಯಿತು. ಒಂದು ಕೈ, ಒಂದು ಕಾಲು ಬಿದ್ದುಹೋದವು. ನಾಲಿಗೆ ಮಾತ್ರ ಸ್ವಲ್ಪ ತೊದಲುತ್ತ ತನ್ನ ಕೆಲಸ ಮುಂದುವರಿಸಿತು.

ಅಮೆರಿಕಕ್ಕೆ ಯಾವಾಗ ಹೋಗುತ್ತೀರಿ ಎಂದು ಕೇಳಿದವರಿಗೆಲ್ಲ ಅವ್ವ ಒಂದೊಂದು ನೆಪ ಹೇಳುತ್ತಿದ್ದಳು. ಎಮ್ಮೆ ಗಬ್ಬ ಇದೆ. ಶೇಂಗಾ ಕೀಳಬೇಕು. ಸಿರಸಂಗಿಯ ಕಾಳಮ್ಮನಿಗೆ ಉಡಿ ತುಂಬುವುದಿದೆ. ಆ ಎಮ್ಮೆಯಷ್ಟು ದೀರ್ಘಕಾಲ ಗಬ್ಬವಿದ್ದ ಎಮ್ಮೆ ನಮ್ಮ ತಾಲೂಕಿನಲ್ಲೇ ಇರಲಿಕ್ಕಿಲ್ಲ!

ಅಪ್ಪನೇನು ಕಡಿಮೆಯೇ? ದಿನಾ ಮುಂಜಾನೆ ನನ್ನನ್ನು ಕರೆದು ಆ ಕಲ್ಲನ್ನು ಹೊಸ್ತಿಲ ಬಳಿ ಇಡಿಸುತ್ತಿದ್ದ. "ನಿನ್ನ ಕಲ್ಲ ಬಾಗಲದಾಗ ಐತಿ, ಹೊಂಡಿನ್ನ" ಎಂದು ಹಾಸಿಗೆಯಿಂದಲೇ ಕೂಗುತ್ತಿದ್ದ. ಅವ್ವ ಅದನ್ನು ಮತ್ತೆ ಒಲೆಯ ಪಕ್ಕಕ್ಕೆ ಒಯ್ದಿಡುತ್ತಿದ್ದಳು. ಈ ಗಂಡ ಹೆಂಡಿರ ಜಗಳದಲ್ಲಿ ಒಡೆದದ್ದು ನನ್ನ ಕಾಲಿನ ಹೆಬ್ಬೆರಳು. ಎಷ್ಟೋ ಸಲ ಎಡವಿ, ಕಡೆಗೆ ಹೊಸ್ತಿಲು ಬಂದರೆ ಕಾಲು ತಾನೇ ಎತ್ತಿಕೊಳ್ಳುವುದನ್ನು ಕಲಿಯಿತು.

ಹೀಗೆ ವರ್ಷಗಳು ಕಳೆದವು. ಬಹಳ ಕಾಲ ಅಮೆರಿಕದ ಹೊರಗೇ ಉಳಿದದ್ದಕ್ಕೆ ಕಾರ್ಡಿನ ಹಕ್ಕು ಹೋಯಿತು, ಆಮೇಲೆ ಅಪ್ಪನೂ ಹೋದ. ಮನೆಯಲ್ಲಿ ಕಲ್ಲನ್ನು ಯಾರೂ ಮುಟ್ಟಲಿಲ್ಲ.

ಮರುವರ್ಷ ಅಕ್ಕನ ಫೋನು ಬಂತು. ಬಹಳ ವರ್ಷಗಳ ಮೇಲೆ ಎರಡನೆಯ ಸಲ ಬಸಿರು, ಈ ವಯಸ್ಸಿನಲ್ಲಿ ಹೆದರಿಕೆಯಾಗುತ್ತದೆ, ಅವ್ವ ಬೇಕು ಎಂದು ಅತ್ತಳು. ಮರುದಿನ ನಾನು ಹೊರಬಿದ್ದಾಗ ಕಲ್ಲು ಹೊಸ್ತಿಲ ಬಳಿ ಇತ್ತು. ಈ ಸಲ ಇಟ್ಟವಳು ಅವ್ವ.

ಸುಮ್ಮನೆ ನಾಲ್ಕು ತಿಂಗಳು ನೋಡಿಕೊಂಡು ಬರುವ ವೀಸಾ ಕೇಳೋಣ ಎಂದರೆ ಅವಳು ಒಪ್ಪಲಿಲ್ಲ. ಮಗಳ ಬಾಣಂತನಕ್ಕೆ ಯಾರಾದರೂ ಅತಿಥಿಯಾಗಿ ಹೋಗುತ್ತಾರೆಯೇ? ಸರಿ, ಹೋದ ಹಕ್ಕನ್ನೇ ಮರಳಿ ಕೇಳುವುದೆಂದಾಯಿತು. ಅದಕ್ಕೆ ಎರಡು ಮಾತು ಸಾಬೀತಾಗಬೇಕು ಎಂದು ಸವದತ್ತಿಯ ವಕೀಲರು ತಿಳಿಸಿ ಹೇಳಿದರು. ಬರುವಾಗ ತಿರುಗಿ ಹೋಗುವ ಮನಸ್ಸಿತ್ತು, ಹೋಗದಂತೆ ಕೈಮೀರಿದ ಅಡ್ಡಿ ಬಂತು. ರಾಮದುರ್ಗದ ಸೋದರಮಾವ ಇನ್ನೂ ಮುಂದೆ ಹೋಗಿ, ಅವ್ವ ತನಗೇ ಎದೆಬೇನೆ ಇತ್ತೆಂದು ಹೇಳಲಿ ಎಂದ. ಅವ್ವ ಆ ದಿನ ಅವನಿಗೆ ಎರಡನೆಯ ಚಹಾ ಕೊಡಲಿಲ್ಲ.

ಚೆನ್ನೈವರೆಗೆ ರೈಲಿನಲ್ಲಿ ಅವಳಿಗೆ ಪಾಠ ಹೇಳಿಕೊಟ್ಟೆ. ಗಂಡನ ಬೇನೆಯೇ ಅಡ್ಡಿ ಆಯಿತು, ಇಷ್ಟೇ ಹೇಳು. ಅವಳು ಜಾಣ ಹುಡುಗಿಯಂತೆ ತಲೆಯಾಡಿಸಿದಳು. ಚೀಲದಲ್ಲಿ ಕಲ್ಲು ಇದೆಯೆಂದು ನನಗೆ ಗೊತ್ತಾದದ್ದು ವೀಸಾ ಕಚೇರಿಯ ಬಾಗಿಲಲ್ಲಿ, ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದಾಗ! ಅವ್ವ ಒಳಗೆ ಹೋದಳು. ನಾನು ಚೆನ್ನೈನ ಬಿಸಿಲಿನಲ್ಲಿ ತೊಡೆಯ ಮೇಲೆ ಬೀಸುಕಲ್ಲು ಇಟ್ಟುಕೊಂಡು ಫುಟ್‌ಪಾತಿನಲ್ಲಿ ಕೂತೆ. ಮಾರುವುದಕ್ಕೆ ತಂದಿದ್ದೇನೆಂದು ತಿಳಿದು ಒಬ್ಬಾಕೆ ಬೆಲೆ ಕೂಡ ಕೇಳಿದಳು.

ಬಹಳ ಹೊತ್ತಿನ ಮೇಲೆ ಅವ್ವ ಹೊರಬಂದು ನಡೆದದ್ದನ್ನು ಹೇಳಿದಳು. ಯಾವ ಅಡ್ಡಿ ಬಂತು ಎಂದು ಅಧಿಕಾರಿ ದುಭಾಷಿಯ ಮೂಲಕ ಕೇಳಿದರಂತೆ. ಅವ್ವ ಯಾವ ಅಡ್ಡಿಯೂ ಇರಲಿಲ್ಲ ಎಂದುಬಿಟ್ಟಳಂತೆ! ಗಂಡ ಹಾಸಿಗೆ ಹಿಡಿದಿದ್ದರು, ದಿನಾ ಹೋಗು ಹೋಗು ಅನ್ನುತ್ತಿದ್ದರು, ನಾನೇ ನನ್ನ ಮನಸ್ಸಿನಿಂದ ಉಳಿದೆ ಅಂದಳಂತೆ. ಹಾಗಾದರೆ ತಿರುಗಿ ಬರುವ ಮನಸ್ಸಿತ್ತೆಂದು ಹೇಗೆ ನಂಬಲಿ ಎಂದದ್ದಕ್ಕೆ ಕಲ್ಲಿನ ಕಥೆ ಹೇಳಿದಳಂತೆ. ಅರ್ಧ ಅಲ್ಲಿದೆ, ಅರ್ಧ ನಿಮ್ಮ ಬಾಗಿಲ ಹೊರಗೆ ನನ್ನ ಮಗನ ತೊಡೆಯ ಮೇಲಿದೆ, ಹೋಗಿ ನೋಡಿ.

ಅಧಿಕಾರಿ ಬಹಳ ಹೊತ್ತು ನಕ್ಕರಂತೆ. ಆಮೇಲೆ ನಗು ನಿಲ್ಲಿಸಿ, ಅಂಥ ಗಂಡನನ್ನು ಬಿಟ್ಟು ಬರಲಾಗದಿರುವುದಕ್ಕೇ ನಾವು ಕೈಮೀರಿದ ಕಾರಣ ಅನ್ನುತ್ತೇವೆ ಎಂದು ಒಪ್ಪಿಗೆ ಕೊಟ್ಟರಂತೆ.

ನನಗೆ ಸಂತೋಷಕ್ಕಿಂತ ಸಿಟ್ಟೇ ಮೊದಲು ಬಂತು. ಎಲ್ಲಾ ಕೆಡುತ್ತಿತ್ತಲ್ಲ, ಹೇಳಿಕೊಟ್ಟ ಒಂದು ಮಾತು ಹೇಳಲು ಏನಾಗಿತ್ತು ಎಂದು ಕೇಳಿದೆ. ಅವ್ವ ನನ್ನ ತೊಡೆಯ ಮೇಲಿನ ಕಲ್ಲನ್ನು ಸೆರಗಿನಿಂದ ಒರೆಸಿದಳು.

"ಅಷ್ಟ ವರ್ಷ ಎಮ್ಮಿ ಮ್ಯಾಲ ಹಾಕಿ ಹೇಳೇನಿ, ನಿಮ್ಮಪ್ಪನ ಕಿವಿಗೆ ಬೀಳಬಾರದಂತ. ಈಗ ಅವರ ಅಡ್ಡಿ ಆದ್ರು ಅಂತ ಹೆಂಗ ಅನ್ಲಿ? ಕೇಳಿಸಿರತಿತ್ತು ಅವರಿಗೆ."

ಕಲ್ಲಿನ ಸಮೇತ ಅವಳನ್ನು ವಿಮಾನ ಹತ್ತಿಸಿ ಊರಿಗೆ ಬಂದೆ. ಎರಡು ದಿನದ ಮೇಲೆ ಅಕ್ಕ ಫೋನನ್ನು ಅಡುಗೆಮನೆಯತ್ತ ಹಿಡಿದು ಬೀಸುವ ಸಪ್ಪಳ ಕೇಳಿಸಿದಳು. ಕೇಳಿ ಹೊರಗೆ ಹೊರಟವನ ಕಾಲು ಹೊಸ್ತಿಲ ಬಳಿ ತಾನೇ ಎತ್ತಿಕೊಂಡಿತು. ಅಲ್ಲಿ ಏನೂ ಇರಲಿಲ್ಲ. ದಿನಾ ಸೋಲುತ್ತಿದ್ದ ಅಪ್ಪ ಕಡೆಗೂ ಗೆದ್ದಿದ್ದ.