ಕ್ವೇಕರ್ ಶಾಲೆಯಲ್ಲಿ ಮೂರರಿಂದ ಆರು

ನಿಯಮ ಮುರಿಯುವವರು ಆರಾಮಾಗಿ ಇರುತ್ತಾರೆ. ಎಡವಟ್ಟುಗಳೆಲ್ಲ ಆಗುವುದು ನಿಯಮದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಅಡಿಗೆರೆ ಹಾಕಿಕೊಂಡು ಹೋಗುವ ನನ್ನಂಥವರಿಗೆ. ಇದನ್ನು ದೂರು ಅಂತ ಹೇಳುತ್ತಿಲ್ಲ. ಒಂದೇ ಶಾಲೆಯಲ್ಲಿ, ಒಂದೇ ಟರ್ಮಿನಲ್ಲಿ ನನಗೆ ಆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಕಚ್ಚಾ ಎಣ್ಣೆಯ ಬೆಲೆ ಕುಸಿದ ಆ ವರ್ಷ ಹ್ಯೂಸ್ಟನ್‌ನಲ್ಲಿ ನಾನಿದ್ದ ಕಂಪನಿ ನಮ್ಮ ವಿಭಾಗವನ್ನೇ ಮುಚ್ಚಿತು. ಇಪ್ಪತ್ತೆರಡು ವರ್ಷ ನನ್ನ ಕೆಲಸ ಪೈಪುಗಳ ಬೆಸುಗೆಯಲ್ಲಿ ತಪ್ಪು ಹುಡುಕುವುದು. ಪೈಪು ಹೋದ ಮೇಲೆ ಉಳಿದದ್ದು ಮನೆ. ಹ್ಯೂಸ್ಟನ್ ಪಕ್ಕದ ಕೇಟಿ ಅನ್ನುವ ಊರಿನ ನಮ್ಮ ಮನೆಯಲ್ಲಿ ಮೊದಲ ವಾರ ಮಸಾಲೆ ಡಬ್ಬಿಗಳಿಗೆಲ್ಲ ತೆರೆದ ದಿನಾಂಕದ ಚೀಟಿ ಅಂಟಿಸಿದೆ. ಎರಡನೆಯ ವಾರ ಕುಕ್ಕರಿನ ರಬ್ಬರಿನ ಸ್ಥಿತಿಗತಿ ಕುರಿತು ಒಂದು ಪುಟದ ವರದಿ ಬರೆದು ಫ್ರಿಜ್ಜಿನ ಬಾಗಿಲಿಗೆ ಹಚ್ಚಿದೆ. ಮೂರನೆಯ ವಾರ, ಮನೆಯಿಂದಲೇ ಆಫೀಸ್ ಕೆಲಸ ಮಾಡುವ ನನ್ನ ಹೆಂಡತಿ ಲ್ಯಾಪ್‌ಟಾಪ್ ಮುಚ್ಚಿದಳು.

"ನೋಡಿ, ನನ್ನ ಮೀಟಿಂಗ್‌ಗಳೆಲ್ಲ ಇರೋದು ಮಧ್ಯಾಹ್ನದ ಮೇಲೆ. ಮೂರರಿಂದ ಆರರವರೆಗೆ ನೀವು ಈ ಮನೇಲಿ ಇರಕೂಡದು. ಎಲ್ಲಿಗೆ ಬೇಕಾದರೂ ಹೋಗಿ. ಇಲ್ಲಾಂದ್ರೆ ನಾನೇ ಹೋಗ್ತೀನಿ. ಆಸ್ಟಿನ್‌ನಲ್ಲಿ ನನ್ನ ತಂಗಿ ಮನೆ ಇದೆ."

ಅವಳು ತಮಾಷೆ ಮಾಡುವವಳಲ್ಲ. ಸೂಟ್‌ಕೇಸನ್ನು ಆಗಲೇ ಮಂಚದ ಕೆಳಗಿನಿಂದ ಮಂಚದ ಮೇಲಕ್ಕೆ ತಂದಿಟ್ಟಿದ್ದಳು.

ಕ್ಲರ್ಕ್

ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದೂರದಲ್ಲಿ ಒಂದು ಕ್ವೇಕರ್ ಶಾಲೆ. ಕ್ವೇಕರ್ ಅಂದರೆ ಕ್ರೈಸ್ತರಲ್ಲೇ ಒಂದು ಪಂಥ. ಈ ಶಾಲೆ ನಡೆಸುವವರಲ್ಲಿ ಪಾದ್ರಿ ಇಲ್ಲ, ಪ್ರವಚನ ಇಲ್ಲ. ಎಲ್ಲರೂ ಸಮಾನರು, ಎಲ್ಲರೂ ಸುಮ್ಮನೆ ಕೂತು ಪ್ರಾರ್ಥನೆ ಮಾಡುತ್ತಾರೆ. ತರಗತಿ ಮುಗಿದ ಮೇಲೆ ಆರು ಗಂಟೆಯವರೆಗೆ ಉಳಿಯುವ ಮಕ್ಕಳನ್ನು ನೋಡಿಕೊಳ್ಳಲು, ಹೋಂವರ್ಕ್ ಮಾಡಿಸಲು ಒಬ್ಬರು ಬೇಕಾಗಿದ್ದರು. ಸಮಯ ಮೂರರಿಂದ ಆರು. ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.

ಇಂಟರ್‌ವ್ಯೂ ದಿನ ಟೈ ಕಟ್ಟಿಕೊಂಡು ಹೋದೆ. ಎಪ್ಪತ್ತರ ಆಸುಪಾಸಿನ, ಕ್ಯಾನ್ವಾಸ್ ಶೂ ಹಾಕಿದ್ದ ಅಜ್ಜಿಯೊಬ್ಬರು ಬಾಗಿಲಲ್ಲೇ ಕೈಕುಲುಕಿ, "ನಾನು ಕಮಿಟಿಯ ಕ್ಲರ್ಕ್" ಅಂದರು. ಸರಿ ಅಂತ ಸರ್ಟಿಫಿಕೇಟ್ ಫೈಲನ್ನು ಅವರ ಕೈಗಿಟ್ಟು, "ಎಲ್ಲದರದೂ ಎರಡೆರಡು ಕಾಪಿ ಮಾಡಿಸಿ. ಸ್ಟೇಪಲ್ ಎಡಗಡೆ ಮೇಲ್ಮೂಲೆಯಲ್ಲಿ ಇರಲಿ. ಸಾಹೇಬರು ಯಾವಾಗ ಬರುತ್ತಾರೆ?" ಅಂತ ಕೇಳಿದೆ.

ಅವರು ಹೋಗಿ, ಎರಡೆರಡು ಕಾಪಿ ತೆಗೆದು, ಎಡಗಡೆ ಮೇಲ್ಮೂಲೆಗೆ ಸ್ಟೇಪಲ್ ಹೊಡೆದು ತಂದುಕೊಟ್ಟರು. ಆಮೇಲೆ ಮೇಜಿನ ಆಚೆಯ ದೊಡ್ಡ ಕುರ್ಚಿಯಲ್ಲಿ ಕೂತು, "ಈಗ ಶುರು ಮಾಡೋಣವೇ?" ಅಂದರು.

ಕ್ವೇಕರರಲ್ಲಿ ಸಭೆಯ ಅಧ್ಯಕ್ಷರನ್ನೇ ಕ್ಲರ್ಕ್ ಅನ್ನುತ್ತಾರೆ. ಇದು ಅವರ ನಿಯಮಪುಸ್ತಕದ ನಾಲ್ಕನೆಯ ಪುಟದಲ್ಲಿದೆ. ಪುಸ್ತಕ ಕೊಟ್ಟದ್ದು ಇಂಟರ್‌ವ್ಯೂ ಆದ ಮೇಲೆ.

ಕೆಲಸವೇನೋ ಸಿಕ್ಕಿತು, ಆದರೆ ಒಂದು ಟರ್ಮಿನ ಮಟ್ಟಿಗೆ. ಡಿಸೆಂಬರಿನಲ್ಲಿ ಏಳು ಜನರ ಕಮಿಟಿ ಕೂತು ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ತೀರ್ಮಾನಿಸುತ್ತದೆ. ಅಲ್ಲಿ ವೋಟು ಹಾಕುವ ಪದ್ಧತಿಯಿಲ್ಲ. ಏಳೂ ಜನ ಒಪ್ಪಬೇಕು. ಒಬ್ಬರು ಅಡ್ಡ ನಿಂತರೂ ನಾನು ಮನೆಗೆ, ಹೆಂಡತಿ ಆಸ್ಟಿನ್‌ಗೆ.

ಸೈಲೆನ್ಸ್

ಮೊದಲ ದಿನ ಹದಿನೆಂಟು ಮಕ್ಕಳು ಸಂತೆ ನಡೆಸಿದ್ದರು. ಮೇಜು ಕುಟ್ಟಿ, "ಸೈಲೆನ್ಸ್ ಪ್ಲೀಸ್!" ಅಂದೆ.

ತಕ್ಷಣ ಸದ್ದಡಗಿತು. ಪೆನ್ಸಿಲ್ ಕೆಳಗಿಟ್ಟರು, ಕೈಗಳನ್ನು ತೊಡೆಯ ಮೇಲಿಟ್ಟರು, ಕಣ್ಣು ಮುಚ್ಚಿದರು. ಇಪ್ಪತ್ತೆರಡು ವರ್ಷದ ಇನ್‌ಸ್ಪೆಕ್ಷನ್ ನನ್ನ ಮುಖಕ್ಕೆ ಏನೋ ಒಂದು ಗಾಂಭೀರ್ಯ ಕೊಟ್ಟಿದೆ ಅಂತ ಹೆಮ್ಮೆಪಟ್ಟೆ. ಐದು ನಿಮಿಷ ಬಿಟ್ಟು, "ಈಗ ಪುಸ್ತಕ ತೆಗೆಯಿರಿ" ಅಂದೆ. ಯಾರೂ ಅಲುಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿಕೊಂಡೇ ನಿಧಾನವಾಗಿ ತಲೆದೂಗಿದಳು. ಹತ್ತು ನಿಮಿಷಕ್ಕೆ ಮತ್ತೆ, "ಗಣಿತದ ಪುಸ್ತಕ" ಅಂದೆ. ಈಗ ಇಬ್ಬರು ತಲೆದೂಗಿದರು.

ಅರ್ಧ ಗಂಟೆಯ ಮೇಲೆ ಪಕ್ಕದ ಕೋಣೆಯಿಂದ ಡ್ರಾಯಿಂಗ್ ಟೀಚರ್ ಇಣುಕಿದಳು. ಡಲ್ಲಾಸ್‌ನಿಂದ ಬಂದ ಹುಡುಗಿ, ಒಳ್ಳೆಯವಳು. ನನ್ನ ಪಾಡು ನೋಡಿ ಒಳಗೆ ಬಂದು, ಒಂದು ಮಗುವಿನ ಕೈಕುಲುಕಿದಳು. ಅಷ್ಟೇ! ಎಲ್ಲರೂ ಪಕ್ಕದವರ ಕೈಕುಲುಕಿ, ಮೈಮುರಿದು, ಮತ್ತೆ ಸಂತೆ ಶುರು ಮಾಡಿದರು. ಅವರ ಪ್ರಾರ್ಥನೆ ಮುಗಿಯುವುದೇ ಹಿರಿಯರು ಕೈಕುಲುಕಿದಾಗ. ಮೌನದ ನಡುವೆ ಯಾರಾದರೂ ಮಾತಾಡಿದರೆ ಅದು ಒಳಗಿನ ಪ್ರೇರಣೆಯಿಂದ ಬಂದ ಮಾತು, ಅದನ್ನು ಸುಮ್ಮನೆ ಮನನ ಮಾಡಬೇಕು.

ಮುಂದಿನ ಸಾಲಿನ ಹುಡುಗಿ ಟೀಚರ್‌ಗೆ ಇಂಗ್ಲಿಷಿನಲ್ಲಿ ವರದಿ ಕೊಟ್ಟಳು: "ಅವರು ಎರಡು ಸಲ ಮಾತಾಡಿದರು. ಎರಡನೆಯದು ಬಹಳ ಆಳವಾಗಿತ್ತು."

ಹೆಸರು

ಎಲ್ಲರೂ ಸಮಾನರಾದ್ದರಿಂದ ಆ ಶಾಲೆಯಲ್ಲಿ ಸರ್ ಇಲ್ಲ, ಮೇಡಂ ಇಲ್ಲ, ಮಿಸ್ಟರ್ ಇಲ್ಲ. ಒಂಬತ್ತು ವರ್ಷದ ಮಗು ಎಪ್ಪತ್ತು ವರ್ಷದ ಕ್ಲರ್ಕನ್ನು ಹೆಸರು ಹಿಡಿದು ಕೂಗುತ್ತದೆ. ನಾನು ಓದಿದ ಕಾನ್ವೆಂಟಿನಲ್ಲಿ ಮೇಷ್ಟರ ಸೈಕಲ್ಲಿಗೂ ನಾವು ಬಹುವಚನ ಹಚ್ಚುತ್ತಿದ್ದೆವು. "ನನ್ನನ್ನು ಸರ್ ಅನ್ನಲಿ" ಅಂದೆ. "ಇಲ್ಲಿ ಬಿರುದುಗಳಿಲ್ಲ" ಅಂದರು ಕ್ಲರ್ಕ್. "ಹೆಸರು ಹಿಡಿದು ಕರೆಯುವುದಾದರೆ ನಾನು ಓಗೊಡುವುದಿಲ್ಲ" ಅಂದೆ.

ಆ ಹದಿನೆಂಟರಲ್ಲಿ ಕನ್ನಡದ ಮಕ್ಕಳು ಇಬ್ಬರಿದ್ದರು. ಅವಕ್ಕೆ ನನ್ನ ಹೆಸರು ಹಿಡಿಯಲು ನಾಲಿಗೆ ಬರಲಿಲ್ಲ, "ಅಂಕಲ್, ಕ್ಯಾನ್ ಐ ಗೋ ಟು ದ ಬಾತ್‌ರೂಮ್?" ಅಂದವು. ಮಿಕ್ಕ ಹದಿನಾರು ಮಕ್ಕಳೂ ಅದನ್ನೇ ಹಿಡಿದವು. ಎರಡನೆಯ ವಾರ ಆಫೀಸಿನಿಂದ ನನ್ನ ಬ್ಯಾಡ್ಜ್ ಬಂತು. ದೊಡ್ಡ ಅಕ್ಷರದಲ್ಲಿ: ಅಂಕಲ್. ನನಗಿಂತ ಹದಿನೈದು ವರ್ಷ ದೊಡ್ಡವರಾದ ಕ್ಲರ್ಕ್ ದಿನಾ ಗಂಭೀರವಾಗಿ, "ಗುಡ್ ಆಫ್ಟರ್‌ನೂನ್, ಅಂಕಲ್" ಅನ್ನತೊಡಗಿದರು.

ಒಂದು ದಿನ ನಾನು ಫೋನ್ ಕಾರಿನಲ್ಲೇ ಮರೆತಿದ್ದೆ. ಹೆಂಡತಿ ಶಾಲೆಗೆ ಫೋನ್ ಮಾಡಿ ನನ್ನ ಹೆಸರು ಹೇಳಿ ಕೇಳಿದಳಂತೆ. ರಿಸೆಪ್ಷನಿಸ್ಟ್, "ಆ ಹೆಸರಿನವರು ಇಲ್ಲಿಲ್ಲವಲ್ಲ" ಅಂದಳಂತೆ. ಹೆಂಡತಿ ಎತ್ತರ ಹೇಳಿದಳು, ಕನ್ನಡಕ ಹೇಳಿದಳು, ಟೈ ಹೇಳಿದಳು. ಊಹೂಂ. ಕೊನೆಗೆ, "ಗೋಡೆಗೆ ನೇತುಹಾಕಿದ ಚಿತ್ರ ಒಂದು ಎಳೆ ಸೊಟ್ಟಗಿದ್ದರೂ ಹೋಗಿ ಸರಿ ಮಾಡ್ತಾರೆ" ಅಂದಳು.

"ಓ, ಅಂಕಲ್! ಈಗಲೇ ಕರೀತೀನಿ!"

ಸಪೋರ್ಟ್ ಪ್ಲಾನ್

ಓದಿನಲ್ಲಿ ತೊಡಕಿರುವ ಮಕ್ಕಳಿಗೆ ಶಾಲೆಯಲ್ಲಿ ಸಪೋರ್ಟ್ ಪ್ಲಾನ್ ಅಂತ ಇದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಗಲಾಟೆಯಿಲ್ಲದ ಜಾಗ, ನಡುವೆ ಸ್ವಲ್ಪ ಬಿಡುವು. ಒಳ್ಳೆಯ ಏರ್ಪಾಡು, ನಾನು ಅದನ್ನು ಅಕ್ಷರಶಃ ಪಾಲಿಸುತ್ತಿದ್ದೆ.

ಮೈಸೂರಿನ ಕಡೆಯ ಸಾಫ್ಟ್‌ವೇರ್ ತಾಯಿಯೊಬ್ಬರು ಬಂದರು. "ಪಕ್ಕದ ಮನೆ ಮಗುಗೆ ಪ್ಲಾನ್ ಕೊಟ್ಟಿದ್ದೀರಂತೆ. ನಮ್ಮ ಮಗಳಿಗೆ ಯಾಕಿಲ್ಲ?"

"ನಿಮ್ಮ ಮಗಳಿಗೆ ತೊಡಕು ಏನೂ ಇಲ್ಲವಲ್ಲಮ್ಮ. ಕ್ಲಾಸಿಗೇ ಮುಂದಿದ್ದಾಳೆ."

"ಇದ್ದರೇನಂತೆ? ಇರಲಿ, ಒಂದು ಮಾಡಿಸಿಡಿ."

ಮಗಳು ಪುಸ್ತಕದಿಂದ ತಲೆಯೆತ್ತದೆ, "ಅಮ್ಮಾ, ಐ ಫಿನಿಶ್ ಇನ್ ಹಾಫ್ ದ ಟೈಮ್" ಅಂದಳು.

"ನೋಡಿದ್ರಾ ಸರ್? ಅರ್ಧ ಟೈಮಲ್ಲಿ ಮುಗಿಸಿ ಸುಮ್ಮನೆ ಕೂತಿರ್ತಾಳೆ. ಇನ್ನೂ ಟೈಮ್ ಕೊಟ್ಟರೆ ಎರಡು ಸಲ ಚೆಕ್ ಮಾಡಬಹುದು!"

ಅರ್ಜಿ ಕೇಳಿದವರಿಗೆ ಅರ್ಜಿ ಕೊಡಲೇಬೇಕು ಅನ್ನುವುದು ನಿಯಮ. ಕೊಟ್ಟೆ. ಮಗುವಿಗಿರುವ ತೊಡಕು ಅನ್ನುವಲ್ಲಿ ಆ ತಾಯಿಯ ಪೆನ್ನು ತುಂಬಾ ಹೊತ್ತು ನಿಂತು, ಕೊನೆಗೆ 'ಇಲ್ಲ' ಅಂತ ಬರೆಯಿತು. ಕುಟುಂಬದಲ್ಲಿ ಬೇರೆ ಯಾರಿಗಾದರೂ ಇಂಥ ತೊಡಕು ಇದೆಯೇ ಅನ್ನುವಲ್ಲಿ ಮಾತ್ರ ಒಂದು ಕ್ಷಣವೂ ತಡೆಯಲಿಲ್ಲ. 'ತಂದೆಯ ಕಡೆ, ಎಲ್ಲರಿಗೂ.'

ಏಳು ನಿಮಿಷ

ಪಕ್ಕದ ಸೈಪ್ರೆಸ್ ಊರಿನಲ್ಲಿ ಗ್ರಾನೈಟ್ ವ್ಯಾಪಾರ ಮಾಡುವ ಹುಬ್ಬಳ್ಳಿ ಕಡೆಯ ಯಜಮಾನರೊಬ್ಬರ ಮಗಳೂ ನನ್ನ ಹತ್ತಿರ ಇದ್ದಳು. ಆರು ಗಂಟೆಗೆ ಮಕ್ಕಳನ್ನು ಕರೆದೊಯ್ಯಬೇಕು; ತಡವಾದರೆ ಕಾರಣ ಬರೆದು ಸಹಿ ಮಾಡಬೇಕು. ಈ ಯಜಮಾನರು ಬಂದದ್ದು ಆರು ಗಂಟೆ ಏಳು ನಿಮಿಷಕ್ಕೆ. ಫಾರ್ಮ್ ಮುಂದಿಟ್ಟೆ.

"ಏನ್ರೀ ಸರ, ಏಳ ನಿಮಿಷಕ್ಕ ಇಷ್ಟ ದೊಡ್ಡ ಕಾಗದಾ?"

"ನಿಯಮ."

"ನನ್ನ ಮದವಿ ಮುಹೂರ್ತನ ನಲವತ್ತ ನಿಮಿಷ ತಡಾ ಆಗಿತ್ರಿ. ಭಟ್ರು ಫಾರ್ಮ್ ಕೇಳಿದ್ದಿಲ್ಲ."

"ಕೇಳಬೇಕಿತ್ತು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾರಣದ ಜಾಗದಲ್ಲಿ 'ನಿಮ್ಮ ಗಡಿಯಾರ ಮುಂದಿದೆ' ಅಂತ ಗೀಚಿ ಹೊರಟರು. ನಾನು ಅಲ್ಲೇ ತಡೆದು ಪರೀಕ್ಷಿಸಿದೆ. ನಿಜ, ಗೋಡೆ ಗಡಿಯಾರ ಎರಡು ನಿಮಿಷ ಮುಂದಿತ್ತು. ನ್ಯಾಯ ನ್ಯಾಯವೇ. ಏಳು ಹೊಡೆದು ಐದು ಮಾಡಿದೆ. ಯಜಮಾನರ ಮುಖ ಅರಳಿತು.

"ತಿದ್ದುಪಡಿ ಆದ ಕಡೆ ನಿಮ್ಮ ಇನ್ನೊಂದು ಸಹಿ ಬೇಕು" ಅಂದೆ.

ಅರಳಿದ ಮುಖ ಹಾಗೇ ಮುಚ್ಚಿಕೊಂಡಿತು. ಸಹಿ ಹಾಕಿ, ಪೆನ್ನು ಮೇಜಿನ ಮೇಲೆ ಕುಕ್ಕಿ ಹೇಳಿದರು: "ಡಿಸೆಂಬರದಾಗ ನಿಮ್ಮ ಕಮಿಟಿ ಕೂಡತೈತೆಲ್ರೀ, ಅದರಾಗ ನಾನೂ ಒಬ್ಬ ಅದೀನಿ. ಅಲ್ಲೆ ಭೆಟ್ಟಿ ಆಗೂಣು. ಬರೋಬ್ಬರಿ ಟೈಮಿಗೆ ಬರ್ತೀನ್ರಿ!"

ಬದಿಗೆ ಸರಿಯುವುದು

ಬಂದರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಒಂಬತ್ತೂ ಐವತ್ತಕ್ಕೇ ಬಂದು ಕೂತಿದ್ದರು. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಯಾರ ಬಗ್ಗೆಯೂ ಅವರ ಬೆನ್ನ ಹಿಂದೆ ಮಾತಾಡಬಾರದು ಅಂತ ನನ್ನನ್ನೂ ಕೂರಿಸಿಕೊಂಡಿದ್ದರು. ಆ ಹೊತ್ತಿಗೆ ಮನೆಯಲ್ಲಿ ನನ್ನ ಹೆಂಡತಿ ಫೋನ್ ಪಕ್ಕ ಕಾಯುತ್ತಿದ್ದಳು.

ಕ್ಲರ್ಕ್ ಒಬ್ಬೊಬ್ಬರನ್ನೇ ಕೇಳಿದರು. ಆರು ಜನ ಒಪ್ಪಿದರು. ಯಜಮಾನರು ಎದ್ದು ಇಂಗ್ಲಿಷಿನಲ್ಲಿ, "ನನ್ನ ಒಪ್ಪಿಗೆ ಇಲ್ಲ. ಈ ಮನುಷ್ಯ ಸ್ಕೇಲು ನುಂಗಿದ್ದಾರೆ" ಅಂದರು.

ಕ್ಲರ್ಕ್ ಶಾಂತವಾಗಿ ಕೇಳಿಸಿಕೊಂಡು, "ಹಾಗಾದರೆ, ಗೆಳೆಯರೇ, ವಿಲ್ ಯೂ ಸ್ಟ್ಯಾಂಡ್ ಅಸೈಡ್?" ಅಂದರು.

ಯಜಮಾನರು ಒಂದು ಕ್ಷಣ ನೋಡಿದರು. ಆಮೇಲೆ ಕುರ್ಚಿಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತು, "ಇಲ್ಲಿ ಓಕೇನಾ?" ಅಂದರು.

"ಧನ್ಯವಾದ" ಅಂದರು ಕ್ಲರ್ಕ್. ಬರೆದುಕೊಂಡರು. ಮುಗಿಯಿತು, ನನ್ನ ಕೆಲಸ ಕಾಯಂ!

ಸ್ಟ್ಯಾಂಡ್ ಅಸೈಡ್ ಅಂದರೆ ಕ್ವೇಕರ್ ಸಭೆಯಲ್ಲಿ ಬೇರೆಯೇ ಅರ್ಥ: ನನಗೆ ಒಪ್ಪಿಗೆಯಿಲ್ಲ, ಆದರೆ ಅಡ್ಡ ಬರುವುದಿಲ್ಲ, ನೀವು ಮುಂದುವರಿಸಿ. ಪೋಷಕರ ಪರವಾಗಿ ಅದೇ ಮೊದಲ ಸಲ ಕಮಿಟಿಯಲ್ಲಿ ಕೂತ ಯಜಮಾನರಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮೂವತ್ತೊಂದನೆಯ ಪುಟ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಒಂದು ಕಡೆ ನನ್ನ ಸಂಸಾರ, ಇನ್ನೊಂದು ಕಡೆ ಮೂವತ್ತೊಂದನೆಯ ಪುಟ. ನಾನು ಕೈ ಎತ್ತಿದೆ.

"ಇವರಿಗೆ ಅದರ ಅರ್ಥ ತಿಳಿದಿಲ್ಲ. ನಿರ್ಣಯ ಊರ್ಜಿತವಲ್ಲ" ಅಂತ ಹೇಳಿ, ಯಜಮಾನರಿಗೆ ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಿದೆ.

ಅವರು ಕುರ್ಚಿ ಹಿಡಿದುಕೊಂಡೇ ಬಾಯಿ ತೆರೆದು ನಿಂತರು. "ಏನ್ರೀ, ಹುಚ್ಚರೇನು ನೀವು? ಕೆಲಸ ಸಿಕ್ಕಿತ್ತಲ್ರೀ!"

"ತಪ್ಪು ದಾರಿಯಲ್ಲಿ ಸಿಕ್ಕಿತ್ತು."

"ಮನ್ಯಾಗ ನಿಮ್ಮ ಮನಿಯವರು ಹೆಂಗ ತಡಕೊಂಡಾರ್ರೀ ನಿಮ್ಮನ್ನ?"

"ತಡೆದುಕೊಂಡಿಲ್ಲ. ಅದಕ್ಕೇ ಇಲ್ಲಿಗೆ ಕಳಿಸಿದ್ದಾಳೆ. ಇಲ್ಲಿ ಆಗದಿದ್ದರೆ ತಂಗಿ ಮನೆಗೆ ಹೋಗುತ್ತಾಳಂತೆ."

ಯಜಮಾನರು ಕುರ್ಚಿ ಕೆಳಗಿಟ್ಟು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ನಕ್ಕರು. ಆ ಕೋಣೆಯಲ್ಲಿ ಅಂಥ ನಗು ಯಾರೂ ಕೇಳಿದಂತಿರಲಿಲ್ಲ. ಕಣ್ಣೊರೆಸಿಕೊಂಡು ಕ್ಲರ್ಕ್ ಕಡೆ ತಿರುಗಿ ಹೇಳಿದರು: "ಮೇಡಂ, ಐ ಆಮ್ ಸ್ಟ್ಯಾಂಡಿಂಗ್ ಅಸೈಡ್. ಈ ಸಲ ಅರ್ಥ ತಿಳಿದೇ. ಇವರಿಗೋಸ್ಕರ ಅಲ್ಲ, ಇವರ ಹೆಂಡತಿಗೋಸ್ಕರ."

ಕ್ವೇಕರರು ಯಾವ ಮಾತನ್ನೂ ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಕ್ಲರ್ಕ್ ನಡಾವಳಿ ಬರೆದು ಗಟ್ಟಿಯಾಗಿ ಓದಿದರು: "ಒಬ್ಬ ಪೋಷಕರು, ಅಭ್ಯರ್ಥಿಯ ಪತ್ನಿಯ ಮೇಲಿನ ಕಾಳಜಿಯಿಂದ, ಬದಿಗೆ ಸರಿದಿದ್ದಾರೆ. ಅಭ್ಯರ್ಥಿಯನ್ನು ಮುಂದುವರಿಸಲಾಗಿದೆ." ತಿದ್ದಲು ಏನಾದರೂ ಇದೆಯೇ ಅಂತ ನನ್ನನ್ನು ನೋಡಿದರು. ಎಷ್ಟು ಹುಡುಕಿದರೂ ಒಂದು ತಪ್ಪೂ ಸಿಗಲಿಲ್ಲ.

"ಈಗ ಆ ಹೆಣ್ಣುಮಗಳನ್ನು ಮನಸ್ಸಿಗೆ ತಂದುಕೊಂಡು ಎರಡು ನಿಮಿಷ ಮೌನವಾಗಿರೋಣ" ಅಂದರು ಕ್ಲರ್ಕ್. ಎಲ್ಲರೂ ಕೂತಲ್ಲೇ ಕಣ್ಣು ಮುಚ್ಚಿದರು. ಯಜಮಾನರು ಮಾತ್ರ ಥಟ್ಟನೆ ನೆಟ್ಟಗೆ ನಿಂತು, ಕೈಕಟ್ಟಿ, ತಲೆ ತಗ್ಗಿಸಿದರು. ಎರಡು ನಿಮಿಷ ಮೌನ ಅಂದರೆ ನಮ್ಮ ಕಡೆ ಹೇಗೆ ನಿಲ್ಲುತ್ತಾರೋ ಹಾಗೆ. ಅವರನ್ನು ನೋಡಿ, ಶಾಲೆಯ ದಿನಗಳ ಅಭ್ಯಾಸ ಎಲ್ಲಿ ಹೋದೀತು, ನಾನೂ ಎದ್ದು ತಲೆ ತಗ್ಗಿಸಿ ನಿಂತೆ.

ಪಾರ್ಕಿಂಗ್ ಜಾಗಕ್ಕೆ ಬಂದು ಮನೆಗೆ ಫೋನ್ ಮಾಡಿದೆ.

"ಏನಾಯ್ತು?" ಅಂದಳು.

"ಇಟ್ಟುಕೊಂಡರು."

"ಸದ್ಯ!"

"ನಿನಗಾಗಿ ಎಲ್ಲರೂ ಎರಡು ನಿಮಿಷ ಮೌನ ಆಚರಿಸಿದರು. ನಾನು ಎದ್ದು ನಿಂತಿದ್ದೆ."

 ಅವಳು ಕೇಳಿದಳು:

"ಇಪ್ಪತ್ತಾರು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದ್ದಕ್ಕೆ ಎರಡೇ ನಿಮಿಷಾನಾ?"